ಮೊದಲು ಎಸ್‌ಎಂಪಿಎಸ್, ಆಮೇಲೆ ಗ್ರಾಫಿಕ್ಸ್ ಕಾರ್ಡು
(ಕೋಲಾರದಲ್ಲಿ ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಈ ಎಸ್‌ಎಂಪಿಎಸ್ಸನ್ನು, ಅಂದರೆ ಪಿಸಿಗೆ ಕರೆಂಟು ಹಂಚುವ ಡಬ್ಬಿಯನ್ನು, ಒಬ್ಬೊಬ್ಬರೇ ಮೂಸಿ ನೋಡಿ, ಪಕ್ಕದವರಿಗೆ ಕೊಡಿ. ಹೆದರಬೇಡಿ, ಒಳಗೆ ಉಳಿದಿದ್ದ ಕರೆಂಟನ್ನು ನಾನೇ ಖಾಲಿ ಮಾಡಿ ತಂದಿದ್ದೇನೆ. ಮೀನಿನ ವಾಸನೆ ಬರುತ್ತದಲ್ಲ, ಅದು ಸಿಡಿದ ಕೆಪಾಸಿಟರ್, ಒಳಗೆ ಕರೆಂಟು ಕೂಡಿಟ್ಟುಕೊಳ್ಳುವ ಪುಟ್ಟ ಭಾಗ. ಕಳೆದ ಬೇಸಿಗೆಯಲ್ಲಿ ಮುಳಬಾಗಿಲು ಕಡೆಯ ಹುಡುಗನೊಬ್ಬ ನನ್ನ ಅಂಗಡಿಗೆ ತಂದದ್ದು. ಅವನ ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ಆಟದ ಚಿತ್ರ ಮೂಡಿಸುವ ಭಾಗಕ್ಕೆ, ಮೂವತ್ತು ಸಾವಿರ ಆಗಿತ್ತು, ಈ ಡಬ್ಬಿಗೆ ಒಂಬೈನೂರು. ಒಂಬೈನೂರರ ಡಬ್ಬಿ ಹೋಗುವಾಗ ಮೂವತ್ತು ಸಾವಿರದ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ನಿಮ್ಮಲ್ಲಿ ಅರ್ಧ ಜನ ರೈತರ ಮನೆಯವರು. ಸಾವಿರದ ಇನ್ನೂರು ಅಡಿಗೆ ಮೋಟರ್ ಇಳಿಸುವಾಗ ನಿಮ್ಮಪ್ಪ ಬಣ್ಣ ನೋಡಿ ತರುತ್ತಾರಾ? ವೈಂಡಿಂಗ್ ಕೇಳುತ್ತಾರೆ, ಕೇಬಲ್ಲಿನ ದಪ್ಪ ಕೇಳುತ್ತಾರೆ, ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆಸಿ ಒಳಗೆ ಇಣುಕುತ್ತಾರೆ. ಸುಟ್ಟ ಮೋಟರನ್ನು ಮೇಲೆತ್ತುವ ಖರ್ಚು ಅವರಿಗೆ ಗೊತ್ತು. ಅದೇ ಮನೆಯ ಮಗ ಪಿಸಿ ಕಟ್ಟುವಾಗ ಮಾತ್ರ ಲೈಟು ನೋಡುತ್ತಾನೆ. ಗಾಜಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಫ್ಯಾನು, ದೊಡ್ಡ ಕಾರ್ಡು ಎಲ್ಲ ಆದ ಮೇಲೆ ಉಳಿದ ಚಿಲ್ಲರೆಗೆ ಎಸ್‌ಎಂಪಿಎಸ್. ಆ ಪಟ್ಟಿಯನ್ನು ತಲೆಕೆಳಗು ಮಾಡಿ ಅಂತ ಹೇಳುವುದಕ್ಕೇ ನಾನು ಬಂದಿರುವುದು.

ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿಗೆ, ಕಾರ್ಡಿಗೆ, ಡಿಸ್ಕಿಗೆ ಹಂಚುವುದು ಇದೊಂದೇ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಓದಬೇಡಿ, ಪಕ್ಕದ ಚೀಟಿ ಓದಿ. 12 ವೋಲ್ಟ್ ಅಂತ ಇರುವ ಕಡೆ ಎಷ್ಟು ಆಂಪಿಯರ್? 18 ಇದ್ದರೆ, 12 ಗುಣಿಸು 18, 216 ವಾಟ್. ಪ್ರೊಸೆಸರ್ರಿಗೂ ಕಾರ್ಡಿಗೂ ಸಿಗುವುದು ಅಷ್ಟೇ, ಮೇಲೆ ‘500 ವಾಟ್’ ಅಂತ ಚಿನ್ನದ ಅಕ್ಷರದಲ್ಲಿ ಬರೆದಿದ್ದರೂ. ‘80 ಪ್ಲಸ್’ ಮುದ್ರೆ ನೋಡಿ ಅನೇಕರು ಸಮಾಧಾನವಾಗುತ್ತಾರೆ. ಎಳೆದ ಕರೆಂಟಿನಲ್ಲಿ ಎಷ್ಟು ಬಿಸಿಯಾಗಿ ದಂಡವಾಗುತ್ತದೆ ಎಂಬುದಕ್ಕೆ ಆ ಮುದ್ರೆ. ಬಾಳಿಕೆಗೂ ಅದಕ್ಕೂ ನೇರ ಸಂಬಂಧವಿಲ್ಲ.

ಬಾಳಿಕೆ ಇರುವುದು ಕೆಪಾಸಿಟರಿನಲ್ಲಿ. ಅದು ತಾಳುವ ಬಿಸಿ ಕೆಲವಕ್ಕೆ 85 ಡಿಗ್ರಿ ಅಂತ ಬರೆದಿರುತ್ತದೆ, ಕೆಲವಕ್ಕೆ 105. ಬಿಸಿ ಹತ್ತು ಡಿಗ್ರಿ ಇಳಿದರೆ ಇದರ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಕಸುಬಿನವರ ಲೆಕ್ಕ. ಬರೆದಿರುವ ಆ ಬಿಸಿಯಲ್ಲಿ ಎರಡಕ್ಕೂ 2,000 ಗಂಟೆ ಆಯಸ್ಸು ಅಂತಿಟ್ಟುಕೊಳ್ಳಿ, ಒಳಗಿನ ಬಿಸಿ 65 ಡಿಗ್ರಿ. 85ರದ್ದು ಹತ್ತತ್ತು ಡಿಗ್ರಿಯ ಎರಡು ಮೆಟ್ಟಿಲು ಇಳಿಯಿತು, 8,000 ಗಂಟೆ. 105ರದ್ದು ನಾಲ್ಕು ಮೆಟ್ಟಿಲು, 32,000 ಗಂಟೆ. ದಿನಕ್ಕೆ ಎಂಟು ಗಂಟೆ ಆಡುವವನಿಗೆ ಮೊದಲನೆಯದು ಮೂರು ವರ್ಷ ತುಂಬುವ ಮೊದಲೇ ಮುಗಿಯಿತು, ಎರಡನೆಯದು ಹತ್ತು ದಾಟಿತು. (ದಿನಕ್ಕೆ ಎಂಟು ಗಂಟೆ ಆಡಿ ಅಂತ ನಾನು ಹೇಳಲಿಲ್ಲ, ಮನೆಯಲ್ಲಿ ನನ್ನ ಹೆಸರು ಹೇಳಬೇಡಿ.) ಕೆಪಾಸಿಟರಿನ ಮೇಲೆ ಬರೆದದ್ದು ನೋಡುವುದಕ್ಕೆ ಡಬ್ಬಿ ಬಿಚ್ಚುವ ಸಾಹಸ ಬೇಡ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ವಾರಂಟಿ ನೋಡಿದರೆ ಸಾಕು. ಒಳ್ಳೆಯ ಎಸ್‌ಎಂಪಿಎಸ್‌ಗೆ ಐದು, ಏಳು, ಹತ್ತು ವರ್ಷ ಕೊಡುತ್ತಾರೆ. ಒಂದು ವರ್ಷ ಕೊಡುವವನಿಗೆ ಅವನ ಮಾಲು ಏನು ಅಂತ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಬಿಸಿ. ನಮ್ಮ ಕೆಜಿಎಫ್ ಚಿನ್ನದ ಗಣಿಯನ್ನೇ ನೆನೆಸಿಕೊಳ್ಳಿ. ಆ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಕೆಳಗೆ ಬಂಡೆಯೇ ಕುದಿಯುವ ಹಾಗಿತ್ತು. ಒಂದು ಶಾಫ್ಟಿನಲ್ಲಿ ತಣ್ಣನೆ ಗಾಳಿ ಇಳಿಯಬೇಕು, ಇನ್ನೊಂದರಲ್ಲಿ ಬಿಸಿ ಗಾಳಿ ಏರಬೇಕು, ಇಲ್ಲದಿದ್ದರೆ ಕೆಲಸಗಾರ ಉಳಿಯುವುದಿಲ್ಲ. ನಿಮ್ಮ ಕ್ಯಾಬಿನೆಟ್ಟಿಗೂ ಅಷ್ಟೇ ಬೇಕಾದದ್ದು: ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ. ಮುಂದೆ ಪೂರ್ತಿ ಗಾಜು ಹಾಕಿದ ಕ್ಯಾಬಿನೆಟ್ ಅಂದರೆ ಬಾಯಿ ಮುಚ್ಚಿದ ಗಣಿ. ಮುಂದೆ ಜಾಲರಿ ಇರುವುದು ತಗೊಳ್ಳಿ, ಆ ಜಾಲರಿಯ ಬೆನ್ನಿಗೇ ಧೂಳಿನ ಫಿಲ್ಟರ್ ಇರಲಿ. ಗಣಿಯ ಪುಡಿಮಣ್ಣು ಸುರಿದು ಆದ ಸೈನೈಡ್ ಗುಡ್ಡದ ಆಸುಪಾಸಿನಲ್ಲಿ ಮನೆ ಇರುವವರಿಗೆ ಗಾಳಿ ಕಾಲದ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿರಿ.

ಪ್ರೊಸೆಸರ್ ತಣ್ಣಗಿಡಲು ನೀರಿನ ಕೂಲರ್ ಚಂದ ಕಾಣುತ್ತದೆ. ಅದರ ಪಂಪು ನಿಂತರೆ ಇಡೀ ಕೂಲರ್ ಗುಜರಿಗೆ. ಗಾಳಿಯ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಫ್ಯಾನ್ ಬದಲಿಸಿ, ಲೋಹದ ಆ ಗಟ್ಟಿ ನಿಮ್ಮ ಮುಂದಿನ ಪಿಸಿಗೂ ಬರುತ್ತದೆ.

ಬೋರ್ಡಿನ ಆಯಸ್ಸು ಬೇರೆ ಥರ. ಅದು ಕೆಡದೇ ಹಳೆಯದಾಗುತ್ತದೆ. ಆದ್ದರಿಂದ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಗೂಡು, ಯಾವುದು ಅಂತ ಕೇಳಿ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಬೋರ್ಡನ್ನು 2017ರಲ್ಲಿ ಕೊಂಡ ಎಷ್ಟೋ ಜನ, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೇ ಬೋರ್ಡಿನಲ್ಲಿ ಕೂರಿಸಿದರು. ಬಯಾಸ್ ಅಂದರೆ ಅಸಡ್ಡೆ ಬೇಡ. ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಹಾಳಾಗುತ್ತಿವೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ವಾರಂಟಿ ಎರಡು ವರ್ಷ ಹೆಚ್ಚಿಸಿತು. ಅದಕ್ಕೆ ಕೊಟ್ಟ ಔಷಧಿ ಬಂದದ್ದೂ ಬಯಾಸ್ ಅಪ್‌ಡೇಟಿನಲ್ಲೇ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಏಳದಿರಬಹುದು, ಅದಕ್ಕೇ ಯುಪಿಎಸ್ ಬೇಕು.

ಫೈಲು ಉಳಿಸಿಡುವ ಎಸ್‌ಎಸ್‌ಡಿ ಡ್ರೈವು ಬರೆದು ಬರೆದು ಸವೆಯುತ್ತದೆ ಅಂತ ಹೆದರುವವರಿದ್ದಾರೆ. 600 ಟೆರಾಬೈಟ್ ಬರೆಯಬಹುದು ಎಂದಿರುವ ಡ್ರೈವಿಗೆ ದಿನಕ್ಕೆ 50 ಜಿಬಿ ಬರೆದರೂ ಮೂವತ್ತು ವರ್ಷ ಬೇಕು. ಮುಂದೆ ಹೋಗೋಣ. ರ್‍ಯಾಮ್ ಕೂಡ ಸುಲಭಕ್ಕೆ ಕೆಡುವುದಿಲ್ಲ. ಅದರ ಹಲ್ಲುಗಳಿಗೆ ಬಳಿದಿರುವುದು ಚಿನ್ನ, ತುಕ್ಕು ಹಿಡಿಯಲ್ಲ. ಪಿಸಿ ಆನ್ ಆಗದಿದ್ದಾಗಲೆಲ್ಲ ರಬ್ಬರ್ ಹಿಡಿದು ಅದನ್ನು ಗಸಗಸ ಉಜ್ಜಬೇಡಿ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ಸವೆದರೆ ತುಂಬುವುದಕ್ಕೆ ನಮ್ಮಲ್ಲಿ ಉಳಿದಿಲ್ಲ.

ಗ್ರಾಫಿಕ್ಸ್ ಕಾರ್ಡು ಹೆಚ್ಚಾಗಿ ಸಾಯುವ ಮೊದಲೇ ಸಾಲದಾಗುತ್ತದೆ. ಐದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಕಾರ್ಡಿನ ಮೆಮೊರಿಯಲ್ಲಿ 8 ಜಿಬಿಗೆ ನಿಲ್ಲಬೇಡಿ, 12 ಅಥವಾ 16 ನೋಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ನಿಮ್ಮ ಕಣ್ಣೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲಿ. ಬೇಡ ಅಂದವನ ಅಂಗಡಿಯಿಂದ ಎದ್ದು ಬನ್ನಿ.

ಕೊನೆಗೆ ಗೋಡೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಾ? ಹಾಗಿದ್ದರೆ ಬಹುಶಃ ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಸಣ್ಣ ಕೆಪಾಸಿಟರುಗಳು ಸೋರುವ ಕರೆಂಟು ಭೂಮಿಗೆ ಹೋಗಲು ದಾರಿಯಿಲ್ಲದೆ ನಿಮ್ಮ ಬೆರಳು ಹುಡುಕುತ್ತದೆ. ಕರೆಂಟು ಹೋಗುವುದಕ್ಕಿಂತ ವಾಪಸ್ ಬರುವ ಗಳಿಗೆಗೆ ಹೆದರಿ, ಏರುಪೇರು ಆಗಲೇ ಹೆಚ್ಚು. ಹೋದ ಕೂಡಲೇ ಸ್ವಿಚ್ ಆರಿಸಿ, ಬಂದು ಎರಡು ನಿಮಿಷ ಬಿಟ್ಟು ಹಾಕಿ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಲು ನಿಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿ. ಎರಡು ಮೂರು ವೋಲ್ಟಿನೊಳಗೆ ಇರಬೇಕು.

ಮಾತು ಶುರು ಮಾಡುವ ಮೊದಲು ಈ ಸಭಾಂಗಣದ ಪ್ಲಗ್ಗಿನಲ್ಲಿ ಅಳೆದೆ. ಹದಿನಾಲ್ಕು ತೋರಿಸಿತು. ಅದಕ್ಕೇ ನನ್ನ ಲ್ಯಾಪ್‌ಟಾಪ್ ಇಷ್ಟು ಹೊತ್ತೂ ಬ್ಯಾಟರಿಯಲ್ಲೇ ಇದೆ. ಈಗ ಚಾರ್ಜ್ ಹತ್ತು ಪರ್ಸೆಂಟಿಗೆ ಬಂತು, ಪ್ರಶ್ನೆ ಇದ್ದವರು ಬೇಗ ಕೇಳಿ.