ಎರಡು ತಂತಿಯ ಪಿಟೀಲು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಲಾಸ್ ಏಂಜಲೀಸ್ ನಗರದ ನಡುಮಧ್ಯದಲ್ಲೇ ಸ್ಕಿಡ್ ರೋ ಎಂಬ ಕೇರಿಯಿದೆ. ಅಲ್ಲಿ ಬೀದಿ ಬೀದಿಯ ಫುಟ್‌ಪಾತಿನ ಮೇಲೂ ಗುಡಾರ, ಟಾರ್ಪಾಲು. ಸಾವಿರಾರು ಜನರ ಬದುಕು ಅದರೊಳಗೆ. 2024ರ ಜನವರಿಯಲ್ಲಿ ಒಂದು ರಾತ್ರಿ ದೇಶವಿಡೀ ಎಣಿಸಿದಾಗ ಸೂರಿಲ್ಲದವರು 7,71,480 ಮಂದಿ ಸಿಕ್ಕರು.

ಕುಡಿತ, ಮಾನಸಿಕ ಕಾಯಿಲೆ ಎಂದು ಕಾರಣ ಹೇಳಿ ಮುಗಿಸುವವರಿದ್ದಾರೆ. ಕುಡುಕರೂ ಕಾಯಿಲೆಯವರೂ ಎಲ್ಲ ಊರಲ್ಲೂ ಉಂಟು. ಗುಡಾರಗಳು ಹೆಚ್ಚಿರುವುದು ಮಾತ್ರ ಬಾಡಿಗೆ ಕೈಗೆಟುಕದ ಊರುಗಳಲ್ಲಿ.

ಇನ್ನು ತೆರವು ಕಾರ್ಯಾಚರಣೆ. ಮೊದಲು ನೋಟಿಸು, ಆಮೇಲೆ ಕಸದ ಲಾರಿ. ಹೊತ್ತುಕೊಳ್ಳಲು ಆದದ್ದಷ್ಟೇ ತನ್ನದು. ಹೊದಿಕೆ, ಮಾತ್ರೆ, ಗುರುತಿನ ಚೀಟಿ, ಗಿಟಾರು ಎಲ್ಲ ಲಾರಿ ಸೇರಬಹುದು. ಚೀಟಿ ಹೋಯಿತೆಂದರೆ ಮನೆಗಾಗಿ ಹಾಕಿದ ಅರ್ಜಿಯೂ ಅಲ್ಲಿಗೇ ನಿಂತಿತು. ಉಳಿಯಲು ಬೇರೆ ಜಾಗ ಇರಲಿ ಬಿಡಲಿ, ಬಯಲಲ್ಲಿ ಮಲಗಿದವರಿಗೆ ದಂಡ ಹಾಕಬಹುದೆಂದು 2024ರ ಜೂನ್‌ನಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಹೇಳಿತು. ಬಾಡಿಗೆ ಕಟ್ಟಲಾರದವನು ದಂಡ ಎಲ್ಲಿಂದ ಕಟ್ಟಿಯಾನು?

ಇದೇ ಊರಲ್ಲಿ ನಥಾನಿಯಲ್ ಏಯರ್ಸ್ ಎಂಬ ಕಲಾವಿದರು, ಬೀಥೋವನ್ ಪ್ರತಿಮೆಯ ಬಳಿ ನಿಂತು, ಎರಡೇ ತಂತಿ ಉಳಿದಿದ್ದ ಪಿಟೀಲನ್ನು ನುಡಿಸುತ್ತಿದ್ದರು. ಹೆಸರಾಂತ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಕಲಿಯುತ್ತಿದ್ದವರು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಓದನ್ನು ಅರ್ಧಕ್ಕೇ ನಿಲ್ಲಿಸಿತ್ತು. ನಗರದ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿದ್ದ ವಿಜಯ್ ಗುಪ್ತಾ, ಭಾರತೀಯ ಮೂಲದ ತರುಣ, ಅವರಿಗೆ ಪಾಠ ಹೇಳಲು ಹೋದರು. ಅಂದು ಏಯರ್ಸ್ ಮನಸ್ಸು ಕದಡಿತ್ತು, ಮಾತು ದಿಕ್ಕು ತಪ್ಪುತ್ತಿತ್ತು. ಗುಪ್ತಾ ಮಾತು ಬಿಟ್ಟು ಪಿಟೀಲು ನುಡಿಸತೊಡಗಿದರು. ತುಸು ಹೊತ್ತಿನಲ್ಲಿ ಏಯರ್ಸ್ ತಾವೂ ಪಿಟೀಲು ಎತ್ತಿಕೊಂಡು, ನೆನಪಿನಲ್ಲಿದ್ದ ಕೃತಿಗಳ ತುಣುಕುಗಳನ್ನು ನುಡಿಸಿದರು.

2011ರಲ್ಲಿ ಗುಪ್ತಾ 'ಸ್ಟ್ರೀಟ್ ಸಿಂಫನಿ' ಕಟ್ಟಿದರು. ನುರಿತ ವಾದಕರು ಆಶ್ರಯತಾಣಗಳಿಗೆ, ಜೈಲುಗಳಿಗೆ ಹೋಗಿ ನುಡಿಸುತ್ತಾರೆ. ಹ್ಯಾಂಡೆಲ್ ಎಂಬ ಸಂಗೀತಗಾರ ಕ್ರಿಸ್ತನ ಕುರಿತು ರಚಿಸಿದ ಮೇಳಗಾಯನ 'ಮೆಸಾಯ'ವನ್ನು ಸ್ಕಿಡ್ ರೋದ ಆಶ್ರಯತಾಣದಲ್ಲೇ ಹಾಡುತ್ತಾರೆ, ಆ ಕೇರಿಯವರನ್ನೂ ಜೊತೆಗೆ ನಿಲ್ಲಿಸಿಕೊಂಡು. ಈ ಕೃತಿಗೆ ಅಲ್ಲಿಗಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ. 1742ರಲ್ಲಿ ಡಬ್ಲಿನ್‌ನಲ್ಲಿ ಅದನ್ನು ಮೊದಲ ಬಾರಿ ಹಾಡಿದಾಗ, ಬಂದ ಹಣದಲ್ಲಿ ಒಂದು ಪಾಲು ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ ಬಡವರನ್ನು ಬಿಡಿಸಲು ಹೋಗಿತ್ತು.

ಲಾರಿಯವರ ಎದುರು ತೊಲಗಬೇಕಾದವನಾಗಿ ನಿಂತ ಅದೇ ಮನುಷ್ಯನಿಗಾಗಿ ಇಲ್ಲಿ ಜೊತೆ ಹಾಡುಗಾರರು ಕಾಯುತ್ತಾರೆ. ಒಂದು ದಿನ ಬಾರದಿದ್ದರೆ ಎಲ್ಲಿ ಹೋದ ಎಂದು ವಿಚಾರಿಸುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಆದರೂ ಹಾಡು ಮುಗಿದ ಮೇಲೆ ಅವನು ಮಲಗುವುದು ಸಿಮೆಂಟಿನ ಮೇಲೆಯೇ. ಅದನ್ನು ಮರೆತು ಚಪ್ಪಾಳೆ ತಟ್ಟಲು ನನ್ನಿಂದಾಗದು.

ಫಿನ್‌ಲೆಂಡ್ 2008ರಲ್ಲಿ ಬೇರೆ ದಾರಿ ಹಿಡಿಯಿತು. ಕುಡಿತ ಬಿಡು, ವಾಸಿಯಾಗು, ಆಮೇಲೆ ಮನೆ ಎನ್ನಲಿಲ್ಲ. ಮೊದಲು ಬಾಡಿಗೆ ಕರಾರು ಮಾಡಿ ಮನೆಯ ಬೀಗದ ಕೈ ಕೊಟ್ಟರು. ಚಿಕಿತ್ಸೆ, ಕೆಲಸ ಆಮೇಲೆ. ದೀರ್ಘಕಾಲ ಮನೆಯಿಲ್ಲದೆ ಇದ್ದವರ ಸಂಖ್ಯೆ ಅಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಸ್ಕಿಡ್ ರೋದ ಹಾಡುಗಾರರಿಗೂ ಮೊದಲು ಸಿಗಬೇಕಾದದ್ದು ಅದೇ ಬೀಗದ ಕೈ. ನಮಸ್ಕಾರ.