ಕುಡಿತ, ಲಿವರ್ ಮತ್ತು ಗಿಡದ ಮದ್ದು

ಕೇಳುಗರಿಗೆ ನಮಸ್ಕಾರ.

"ಕುಡೀತಾರೆ ನಿಜ, ಆದ್ರೆ ಲಿವರ್‌ಗೆ ಗಿಡಮೂಲಿಕೆ ಮಾತ್ರೆನೂ ತಗೊಳ್ತಾರಲ್ಲ, ಏನಾಗಲ್ಲ ಬಿಡಿ." ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಈ ಧೈರ್ಯ ಕಂಡರೆ ನನಗೆ ತುಂಬಾ ಭಯ.

ಕುಡಿದ ಆಲ್ಕೋಹಾಲನ್ನು ಒಡೆಯುವ ಕೆಲಸ ಬಹುಪಾಲು ಲಿವರಿನದು. ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಜೀವಕೋಶಗಳನ್ನು ಕೆಡಿಸುವ ಫ್ರೀ ರ್‍ಯಾಡಿಕಲ್‌ಗಳೂ ಹೆಚ್ಚುತ್ತವೆ. ಇವನ್ನು ಅಡಗಿಸುವ ಗ್ಲುಟಾಥಯೋನ್ ಎಂಬ ವಸ್ತು ಲಿವರಿನಲ್ಲೇ ಇದೆ. ಆದರೆ ಕುಡಿತ ಅದನ್ನೂ ಬರಿದು ಮಾಡುತ್ತದೆ. ಮೊದಲು ಕೊಬ್ಬು ಕಟ್ಟುತ್ತದೆ, ಆಮೇಲೆ ಉರಿಯೂತ, ಕೊನೆಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು.

ಈ ಫ್ರೀ ರ್‍ಯಾಡಿಕಲ್‌ಗಳನ್ನು ತಡೆಯುವ ಗುಣ ಕೆಲವು ಗಿಡಗಳಲ್ಲಿದೆ. ಅದರಲ್ಲಿ ಹೆಚ್ಚು ಹೆಸರು ಮಾಡಿದ್ದು ಮಿಲ್ಕ್ ಥಿಸಲ್. ಮೆಡಿಟರೇನಿಯನ್ ಸೀಮೆಯ, ನೇರಳೆ ಹೂವಿನ ಮುಳ್ಳುಗಿಡ ಇದು. ಇದರ ಬೀಜದಲ್ಲಿ ಸಿಲಿಮರಿನ್ ಎಂಬ ಸಾರ ಇದೆ. ಯುರೋಪಿನಲ್ಲಿ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ತಿಂದವರಿಗೆ, ಸಿಲಿಮರಿನ್‌ನ ಮುಖ್ಯ ಅಂಶವನ್ನು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಹಾಗಾಗಿ ಇದು ಸುಮ್ನೆ ಹಬ್ಬಿದ ಹೆಸರಲ್ಲ.

ಕುಡಿತದ ಲಿವರಿಗೆ? 1989ರಲ್ಲಿ ವಿಯೆನ್ನಾದ ವೈದ್ಯರು ಸಿರೋಸಿಸ್ ಆದ 170 ರೋಗಿಗಳ ಅಧ್ಯಯನ ಪ್ರಕಟಿಸಿದರು. ಸಿಲಿಮರಿನ್ ತಗೊಂಡವರಲ್ಲಿ ಹೆಚ್ಚು ಜನ ಬದುಕುಳಿದಿದ್ದರು. ಆದರೆ 1998ರಲ್ಲಿ ಸ್ಪೇನಿನ ಅಧ್ಯಯನ ಬಂತು. ಅದರಲ್ಲಿದ್ದ 200 ಜನರೂ ಕುಡಿತದಿಂದಲೇ ಸಿರೋಸಿಸ್ ಆದವರು. ದಿನಕ್ಕೆ 450 ಮಿಲಿಗ್ರಾಂ ಸಿಲಿಮರಿನ್ ಕೊಟ್ಟರೂ ಸಾವು ಕಡಿಮೆಯಾಗಲಿಲ್ಲ.

ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುತ್ತಾರೆ. ಎಷ್ಟೋ ಜನರಿಗೆ ವಾಸಿಯಾಗಿದ್ದೂ ನಿಜ. ಆದರೆ ಕೊಳಕು ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಕುಡಿಯುವವರ ಕಣ್ಣು ಹಳದಿಯಾದರೆ ಆ ಲೆಕ್ಕವೇ ಬೇರೆ. ಅದು ತೀವ್ರವಾದ ಉರಿಯೂತ ಇರಬಹುದು, ಕೆಲವೇ ವಾರಗಳಲ್ಲಿ ಜೀವ ತೆಗೆಯಬಹುದು. ದಯವಿಟ್ಟು ಮದ್ದು ಕುಡಿಸಿ ಕಾಯುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಿಡದ್ದು ಅಂದಮಾತ್ರಕ್ಕೆ ಅಪಾಯವಿಲ್ಲ ಅಂತಲೂ ಅಲ್ಲ. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ. ಆದರೆ ಅದರ ಸಾರ ತುಂಬಿದ ಕ್ಯಾಪ್ಸೂಲ್‌ಗಳಿಂದ, ಅದರಲ್ಲೂ ಕರಿಮೆಣಸಿನ ಅಂಶ ಸೇರಿಸಿದವುಗಳಿಂದ, ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಲಿವರಿಗೆ ನಿಜವಾಗಿ ಬೇಕಾದದ್ದು ಕುಡಿತ ನಿಲ್ಲುವುದು. ಬರೀ ಕೊಬ್ಬು ಕಟ್ಟಿದ ಹಂತದಲ್ಲೇ ಬಿಟ್ಟರೆ ಕೆಲವು ವಾರಗಳಲ್ಲೇ ಅದು ಕರಗತೊಡಗುತ್ತದೆ. ಅಷ್ಟು ಕೆಲಸ ಮಾಡುವ ಮಾತ್ರೆ ಇನ್ನೂ ಬಂದಿಲ್ಲ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು. ವೈದ್ಯರ ಸಲಹೆ ಪಡೆದೇ ಬಿಡಬೇಕು. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕರೆ ಉಚಿತ. ಮನೆಯವರೂ ಫೋನ್ ಮಾಡಬಹುದು.