ಗಣಿ ಕೆಲಸಗಾರನ ಮಗಳ ಹಾಡು

ಈ ಹಳದಿ ಹೆಲ್ಮೆಟ್ ನನ್ನ ಅಪ್ಪನದು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಷ್ಟು ದಿನ ತಲೆಯ ಮೇಲಿತ್ತು, ಈಗ ನಮ್ಮ ಮನೆಯ ಮೊಳೆಯ ಮೇಲಿದೆ. ದೀಪ ಸಿಕ್ಕಿಸುವ ಕೊಂಡಿ ಮುರಿದಿದೆ. ಒಳಗಿನ ಪಟ್ಟಿಯಲ್ಲಿ ಬೆವರಿನ ಕಲೆ ಇನ್ನೂ ಹಾಗೆಯೇ ಉಳಿದಿದೆ. ಇಂದು ನಾನು ಮಾತನಾಡಬೇಕೆಂದುಕೊಂಡಿರುವ ಗಾಯಕಿ ನನಗೆ ಇಷ್ಟು ಹತ್ತಿರದವರಾಗಲು ಈ ಹೆಲ್ಮೆಟ್ಟೇ ಕಾರಣ.

ಅವರ ಹೆಸರು ಲೊರೆಟ್ಟಾ ಲಿನ್. ಅಮೆರಿಕದ ಹಳ್ಳಿಗಾಡಿನಲ್ಲಿ ಬೇರೂರಿದ ಕಂಟ್ರಿ ಸಂಗೀತದ ದೊಡ್ಡ ಹೆಸರು. 1932ರ ಏಪ್ರಿಲ್ 14ರಂದು ಕೆಂಟಕಿ ರಾಜ್ಯದ ಬುಚರ್ ಹಾಲೋ ಎಂಬ ಕಣಿವೆಯಲ್ಲಿ ಹುಟ್ಟಿದರು. ತಂದೆ ಕಲ್ಲಿದ್ದಲು ಗಣಿಯ ಕೆಲಸಗಾರ, ಮನೆಯಲ್ಲಿ ಎಂಟು ಮಕ್ಕಳು. ಮರದ ಮನೆಯ ಗೋಡೆಗೆ ತಾಯಿ ಪತ್ರಿಕೆಗಳ ಹಾಳೆಗಳನ್ನು ಅಂಟಿಸಿದ್ದರು. ಆ ಹಾಳೆಗಳಲ್ಲಿದ್ದ ಸಿನಿಮಾ ನಟಿ ಲೊರೆಟ್ಟಾ ಯಂಗ್ ಅವರ ಚಿತ್ರ ಕಂಡು ಮಗಳಿಗೆ ಅದೇ ಹೆಸರಿಟ್ಟರಂತೆ.

ಹದಿನೈದಕ್ಕೇ ಮದುವೆ. ಗಂಡನ ಜೊತೆ ದೂರದ ವಾಷಿಂಗ್ಟನ್ ರಾಜ್ಯಕ್ಕೆ ಹೋದರು. ಇಪ್ಪತ್ತರ ಹೊತ್ತಿಗೆ ನಾಲ್ಕು ಮಕ್ಕಳು. ಗಂಡ ತಂದುಕೊಟ್ಟ 17 ಡಾಲರಿನ ಗಿಟಾರಿನಲ್ಲಿ ತಾವೇ ತಡಕಾಡಿ ನುಡಿಸಲು ಕಲಿತರು. 1960ರಲ್ಲಿ ಮೊದಲ ರೆಕಾರ್ಡ್ ಬಂದಾಗ ಗಂಡ ಹೆಂಡತಿ ಅದನ್ನು ಕಾರಿನಲ್ಲಿ ಹೇರಿಕೊಂಡು ಒಂದೊಂದೇ ರೇಡಿಯೊ ಕೇಂದ್ರದ ಬಾಗಿಲು ತಟ್ಟಿದರು. ಹಾಡು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು. ಗಣಿಯ ತಂದೆ ಮಾತ್ರ ಅದನ್ನು ಕೇಳಲಿಲ್ಲ, ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆ ತಂದೆಗಾಗಿ ಬರೆದ ಹಾಡು 1970ರಲ್ಲಿ ಬಂತು: ‘ಕೋಲ್ ಮೈನರ್ಸ್ ಡಾಟರ್’. ಅದರಲ್ಲಿ ಏನೇನಿದೆ ಎಂದು ಹೇಳುತ್ತೇನೆ, ಕೇಳಿ. ಬಟ್ಟೆ ತಿಕ್ಕುವ ಹಲಗೆಯ ಮೇಲೆ ರಕ್ತ ಒಸರುವ ತಾಯಿಯ ಬೆರಳುಗಳಿವೆ. ಸೀಮೆಎಣ್ಣೆ ದೀಪದ ಬೆಳಕಿದೆ. ಬೇಸಿಗೆಯಲ್ಲಿ ಬರಿಗಾಲು. ಚಳಿಗಾಲಕ್ಕೆ ಮಾತ್ರ, ಹಂದಿ ಮಾರಿದ ದುಡ್ಡಿನಲ್ಲಿ ಅಂಚೆಯ ಮೂಲಕ ತರಿಸಿದ ಹೊಸ ಬೂಟು. ಅಯ್ಯೋ ಪಾಪ ಎನ್ನಿಸುವ ಒಂದು ಪದವೂ ಇಲ್ಲ. ಮನೆಯಲ್ಲಿದ್ದದ್ದನ್ನು ಮನೆಯ ಮಾತಿನಲ್ಲೇ ಮುಂದಿಡುತ್ತಾರೆ. ಉಚ್ಚಾರಣೆಯನ್ನೂ ತಿದ್ದಿಕೊಂಡಿಲ್ಲ. ‘ಟೈರ್ಡ್’ ಎಂಬ ಪದ ಅವರ ಬಾಯಲ್ಲಿ ‘ಟಾರ್ಡ್’ ಆಗುತ್ತದೆ, ಆಗ ಅದು ‘ಹಾರ್ಡ್’ ಜೊತೆ ಪ್ರಾಸವಾಗಿ ಕೂಡಿಕೊಳ್ಳುತ್ತದೆ. ದುಡಿಮೆ ಮತ್ತು ದಣಿವು ಪ್ರಾಸವಾಗುವುದು ಆ ಕಣಿವೆಯ ನುಡಿಯಲ್ಲಿ ಮಾತ್ರ. ಆ ಒಂದು ಸಾಲಿಗಾಗಿ ಹಾಡನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದ್ದೇನೋ ಲೆಕ್ಕವಿಲ್ಲ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಇದನ್ನು ಮೊಬೈಲಿನಲ್ಲಿ ಹಾಕಿದ್ದೆ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. “ಏನವ್ವಾ, ಆಕೆ ಏನು ಹಾಡುತ್ತಿದ್ದಾಳೆ?” ಎಂದರು. ನಾನು ಸಾಲು ಸಾಲಾಗಿ ಹೇಳುತ್ತಾ ಹೋದೆ. ರಾತ್ರಿಯಿಡೀ ಗಣಿಯಲ್ಲಿ ಕೆಲಸ, ಹಗಲಿಡೀ ಜೋಳದ ಹೊಲದಲ್ಲಿ ಕೆಲಸ ಎಂಬಲ್ಲಿಗೆ ಬಂದಾಗ ಅಪ್ಪ ಕೈ ಎತ್ತಿ ತಡೆದರು.

“ಹಾಗಾದರೆ ಆ ಮನುಷ್ಯ ನಿದ್ದೆ ಯಾವಾಗ ಮಾಡುತ್ತಿದ್ದ?”

ಹತ್ತಾರು ವರ್ಷ ಈ ಹಾಡು ಕೇಳಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಮಲಗಿದಾಗ ನಾವು ಮಕ್ಕಳು ಪಿಸುಮಾತಿನಲ್ಲಿ ಜಗಳವಾಡುತ್ತಿದ್ದ ದಿನಗಳು ನೆನಪಾದವು.

ಲೊರೆಟ್ಟಾ ಅವರ ಉಳಿದ ಹಾಡುಗಳಲ್ಲಿಯೂ ಇದೇ ಎದೆಗಾರಿಕೆ. ಒಮ್ಮೆ ಕಾರ್ಯಕ್ರಮಕ್ಕೆ ಮುನ್ನ ಹೆಂಗಸೊಬ್ಬಳು ಅಳುತ್ತಾ ಬಂದು, ತನ್ನ ಗಂಡ ಬೇರೊಬ್ಬಳನ್ನು ಕರೆತಂದಿದ್ದಾನೆ ಎಂದಳಂತೆ. ಇವರು ಇಣುಕಿ ನೋಡಿ, ನಿನ್ನ ಗಂಡನನ್ನು ಕಸಿದುಕೊಳ್ಳುವಷ್ಟು ಹೆಣ್ಣು ಅವಳಲ್ಲ ಎಂದು ಧೈರ್ಯ ಹೇಳಿದರು. ಆ ಮಾತೇ 1966ರ ಹಾಡಾಯಿತು. ಕುಡಿದು ಮನೆಗೆ ಬರಬೇಡ ಎಂದು ಗಂಡನಿಗೆ ಹೇಳುವ ಹಾಡು ಅವರ ಮೊದಲ ನಂಬರ್ ಒನ್. 1975ರಲ್ಲಿ ಬಂದ ‘ದ ಪಿಲ್’ ಗರ್ಭನಿರೋಧಕ ಮಾತ್ರೆಯ ಬಗ್ಗೆ, ವರ್ಷಕ್ಕೊಂದು ಹೆರಿಗೆಯಿಂದ ಬಿಡುಗಡೆ ಸಿಕ್ಕ ಹೆಂಗಸಿನ ಸಂತೋಷದ ಬಗ್ಗೆ. ಎಷ್ಟೋ ರೇಡಿಯೊ ಕೇಂದ್ರಗಳು ಅದನ್ನು ಹಾಕಲು ಒಪ್ಪಲಿಲ್ಲ. ಹಾಡು ಮಾತ್ರ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನದವರೆಗೆ ಹೋಯಿತು. ಆರು ಮಕ್ಕಳನ್ನು ಹೆತ್ತ ತಾಯಿ ಅದನ್ನು ಹಾಡಿದಾಗ ಹಳ್ಳಿಯ ಹೆಂಗಸರು ಕಿವಿಗೊಡದೆ ಇರುತ್ತಾರೆಯೇ?

1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ‘ಎಂಟರ್‌ಟೈನರ್ ಆಫ್ ದ ಇಯರ್’ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ಪ್ರಶಸ್ತಿಗಿಂತ ನನಗೆ ಇಷ್ಟವಾಗುವುದು ಅವರ ಗೆಳೆತನ. 1961ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದಾಗ ಲೊರೆಟ್ಟಾ ರೇಡಿಯೊದಲ್ಲಿ ಅವರದೇ ಹಾಡನ್ನು ಅವರಿಗೆಂದು ಹಾಡಿದರು. ಪ್ಯಾಟ್ಸಿ ತಮ್ಮ ಗಂಡನನ್ನು ಕಳಿಸಿ ಲೊರೆಟ್ಟಾ ಅವರನ್ನು ಕರೆಸಿಕೊಂಡರು. ಎರಡೇ ವರ್ಷದಲ್ಲಿ ವಿಮಾನ ಅಪಘಾತದಲ್ಲಿ ಪ್ಯಾಟ್ಸಿ ಹೋಗಿಬಿಟ್ಟರು. ಮರುವರ್ಷ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಲೊರೆಟ್ಟಾ ಇಟ್ಟ ಹೆಸರು ಪ್ಯಾಟ್ಸಿ.

2022ರ ಅಕ್ಟೋಬರ್ 4ರಂದು ಲೊರೆಟ್ಟಾ ತೀರಿಕೊಂಡರು. ತೊಂಬತ್ತು ವರ್ಷ ತುಂಬಿತ್ತು. ಆ ಸುದ್ದಿ ನೋಡಿದ ದಿನ ನಾನು ಕಚೇರಿಯಿಂದ ಬೇಗ ಮನೆಗೆ ಬಂದೆ.

ಒಂದು ವಿಷಯ ಉಳಿಯಿತು. ತಂದೆಯ ಹಾಡನ್ನು ಅವರು ಇನ್ನೂ ಉದ್ದವಾಗಿ ಬರೆದಿದ್ದರು. ಬಹಳ ದೀರ್ಘವಾಯಿತೆಂದು ನಿರ್ಮಾಪಕ ಓವನ್ ಬ್ರಾಡ್ಲಿ ಹೇಳಿದ್ದಕ್ಕೆ ಕೆಲವು ಚರಣಗಳನ್ನು ಕೈಬಿಟ್ಟರು. ಅದರ ಬೇಸರ ಅವರಿಗೆ ಕೊನೆಯವರೆಗೂ ಇತ್ತು. ಅಪ್ಪನಿಗೆ ಇದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿದ್ದೆಯ ವಿಷಯ ಅದರಲ್ಲೇ ಇದ್ದಿರಬೇಕು” ಎಂದರು.